ಫಸ್ಟ್ ಇಯರ್‌ನಲ್ಲಿ ಎರಡು ಮಾಡ್ಯೂಲ್ (ವಿಷಯ) ಹೋಗಿದೆ, ಸೆಕೆಂಡ್ ಇಯರ್‌ಗೆ ಬಿಡುತ್ತಾರಾ? (ಇಂಗ್ಲೆಂಡ್, ಬಿಎಸ್ಸಿ ಎಕನಾಮಿಕ್ಸ್)

ಕಾಫಿ ಹೂ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವಳು. ಇಂಗ್ಲೆಂಡಿನ ಉತ್ತರದಲ್ಲಿರುವ ಒಂದು ಯೂನಿವರ್ಸಿಟಿಯಲ್ಲಿ ಎಕನಾಮಿಕ್ಸ್ ಓದುತ್ತಿದ್ದೇನೆ, ಮೂರು ವರ್ಷದ ಡಿಗ್ರಿ. ಫಸ್ಟ್ ಇಯರ್ ಮುಗಿಸಿ ಜೂನ್‌ನಲ್ಲಿ ಊರಿಗೆ ಬಂದೆ. ರಿಸಲ್ಟ್ ಮೊನ್ನೆ ಬಂತು. ಮಳೆಗಾಲದಲ್ಲಿ ನಮ್ಮ ಮನೆ ಹತ್ತಿರ ನೆಟ್‌ವರ್ಕ್ ಸಿಗುವುದು ಒಂದೇ ಕಡೆ, ಕಾಫಿ ಕಣದ ಮೂಲೆಯಲ್ಲಿ. ಕೊಡೆ ಹಿಡಿದು ಅಲ್ಲೇ ನಿಂತು ಪೋರ್ಟಲ್ ತೆರೆದೆ. ಆರು ಸಾಲು ಇತ್ತು. ನಾಲ್ಕರ ಮುಂದೆ 'ಪಾಸ್', ಎರಡರ ಮುಂದೆ 'ರೆಫರ್ಡ್'. ಹಾಗಂದರೆ ಮತ್ತೆ ಬರೆಯಬೇಕು ಅಂತ ಅರ್ಥ ಎಂದು ಹುಡುಕಿ ತಿಳಿದುಕೊಳ್ಳುವಷ್ಟರಲ್ಲಿ ಕೊಡೆ ಒಂದು ಕಡೆ ವಾಲಿ ಅರ್ಧ ಮೈ ನೆನೆದಿತ್ತು.

ಮಾರ್ಕ್ಸ್ ಹೀಗಿದೆ: ಮೈಕ್ರೋ 58, ಮ್ಯಾಕ್ರೋ 55, ಎಕನಾಮಿಕ್ ಹಿಸ್ಟರಿ 64, ಸ್ಪ್ಯಾನಿಷ್ ಭಾಷೆ 61, ಮ್ಯಾಥ್ಸ್ 36, ಸ್ಟ್ಯಾಟಿಸ್ಟಿಕ್ಸ್ 28. ಪ್ರತಿಯೊಂದೂ 20 ಕ್ರೆಡಿಟ್, ಒಟ್ಟು 120. ಪಾಸ್ ಆಗಲು 40 ಬೇಕು.

ಮ್ಯಾಥ್ಸ್ ನನಗೆ ನಿಜವಾಗಿಯೂ ಕಷ್ಟವಾಯಿತು. ಪಿಯುಸಿ ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ತೆಗೆದುಕೊಂಡಿದ್ದೆ, ಆದ್ದರಿಂದ ಮೊದಲ ಐದಾರು ವಾರ ತೊಂದರೆ ಇರಲಿಲ್ಲ. ಲಗ್ರಾಂಜ್ ಮೆಥಡ್ (ಮಿತಿಯೊಳಗೆ ಗರಿಷ್ಠ, ಕನಿಷ್ಠ ಕಂಡುಹಿಡಿಯುವ ಲೆಕ್ಕ) ಶುರುವಾದ ಮೇಲೆ ಕೈತಪ್ಪಿತು. ಸ್ಟ್ಯಾಟಿಸ್ಟಿಕ್ಸ್ ಕಥೆಯೇ ಬೇರೆ. ಜನವರಿಯಲ್ಲಿ ಪರೀಕ್ಷೆಯ ಹಿಂದಿನ ದಿನ ಅಜ್ಜಿ ತೀರಿಕೊಂಡರು. ನನ್ನನ್ನು ಸಾಕಿದ್ದೇ ಅವರು. ರಾತ್ರಿ ಎರಡು ಗಂಟೆಯಿಂದ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ವಾಟ್ಸಾಪ್ ವಿಡಿಯೋದಲ್ಲಿ ಎಲ್ಲವನ್ನೂ ನೋಡಿದೆ. ಬೆಳಗ್ಗೆ ಎದ್ದು ಹೋಗಿ ಪರೀಕ್ಷೆ ಬರೆದೆ. ಯಾರಿಗೂ ಹೇಳಲಿಲ್ಲ. ಹೇಳಬೇಕು ಅಂತಲೂ ಗೊತ್ತಿರಲಿಲ್ಲ.

ಈಗ ಹ್ಯಾಂಡ್‌ಬುಕ್ ಓದುತ್ತಿದ್ದೇನೆ. 30ರಿಂದ 39 ಬಂದಿದ್ದರೆ 20 ಕ್ರೆಡಿಟ್‌ವರೆಗೆ 'ಕಾಂಪೆನ್ಸೇಷನ್' (40 ಬರದಿದ್ದರೂ ಕ್ರೆಡಿಟ್ ಕೊಡುವುದು) ಕೊಡಬಹುದು ಅಂತ ಇದೆ. ಹಾಗಾದರೆ ಮ್ಯಾಥ್ಸ್ 36 ಅದರಲ್ಲಿ ದಾಟುತ್ತದೆ, ಸ್ಟ್ಯಾಟಿಸ್ಟಿಕ್ಸ್ ಒಂದೇ ಬರೆದರೆ ಸಾಕು ಅಲ್ವಾ? ಮತ್ತೆ ಎರಡಕ್ಕೂ ರೆಫರ್ಡ್ ಅಂತ ಯಾಕೆ ಹಾಕಿದ್ದಾರೆ? ರೀಸಿಟ್ (ಮತ್ತೆ ಬರೆಯುವ ಪರೀಕ್ಷೆ) ಇರುವುದು ಆಗಸ್ಟ್ ಮೂರನೇ ವಾರ, ನನ್ನ ಟಿಕೆಟ್ ಇರುವುದು ಸೆಪ್ಟೆಂಬರ್ 12ಕ್ಕೆ. ಸೆಕೆಂಡ್ ಇಯರ್ ಮಾಡ್ಯೂಲ್‌ಗಳನ್ನು ಏಪ್ರಿಲ್‌ನಲ್ಲೇ ಆರಿಸಿಟ್ಟಿದ್ದೇನೆ. ಅವೆಲ್ಲ ರದ್ದಾಗುತ್ತವಾ?

ಅಪ್ಪ ದಿನಾ ಕೇಳುತ್ತಿದ್ದಾರೆ. 'ಇನ್ನೂ ಬಂದಿಲ್ಲ' ಅಂದಿದ್ದೇನೆ. ಬ್ಯಾಂಕ್ ಸಾಲ ಅವರ ಹೆಸರಲ್ಲೂ ಇದೆ. ದಯವಿಟ್ಟು ಗೊತ್ತಿದ್ದವರು ಹೇಳಿ.

ಪಡುವಣ ಗಾಳಿ

ತಂಗಿ, ಮೊದಲು ಉಸಿರು ಬಿಡು. ನಾನು ಉಡುಪಿಯವನು, ಅಲ್ಲಿಯೇ ಬೇರೆ ಯೂನಿವರ್ಸಿಟಿಯಲ್ಲಿ ಡಿಗ್ರಿ ಮುಗಿಸಿ ಒಂದು ವರ್ಷ ಆಯಿತು. ಫಸ್ಟ್ ಇಯರ್‌ನಲ್ಲಿ ನನ್ನದೂ ಒಂದು ಹೋಗಿತ್ತು. ಆಗಸ್ಟ್‌ನಲ್ಲಿ ಬರೆದು ಪಾಸಾದೆ. ರೀಸಿಟ್‌ನಲ್ಲಿ ಎಷ್ಟೇ ಬಂದರೂ ಲೆಕ್ಕಕ್ಕೆ 40 ಮಾತ್ರ ಹಾಕುತ್ತಾರೆ, ಅದನ್ನು ಕ್ಯಾಪ್ ಅನ್ನುತ್ತಾರೆ. ಆದರೆ ಹೆಚ್ಚಿನ ಕಡೆ ಫಸ್ಟ್ ಇಯರ್ ಮಾರ್ಕ್ಸ್ ಡಿಗ್ರಿಯ ಕೊನೆಯ ಕ್ಲಾಸ್‌ಗೆ (ದರ್ಜೆಗೆ) ಸೇರುವುದೇ ಇಲ್ಲ. ನನಗೆ ಕೊನೆಗೆ 2:1 (ಫಸ್ಟ್‌ನ ನಂತರದ ದರ್ಜೆ) ಬಂತು. ಆ 40 ಎಲ್ಲಿಯೂ ಅಡ್ಡ ಬರಲಿಲ್ಲ.

ಟಿಕೆಟ್ ಇವತ್ತೇ ಬದಲಿಸು. ಆಗಸ್ಟ್ ಹತ್ತಿರ ಬಂದಷ್ಟೂ ದುಡ್ಡು ಜಾಸ್ತಿ. ಆನ್‌ಲೈನ್‌ನಲ್ಲಿ ಬರೆಯಲು ಬಿಡಬಹುದು ಅಂತ ಕಾಯಬೇಡ. ನಾನು ಹಾಗೆ ಮೂರು ವಾರ ಕಾದು, ಆಮೇಲೆ 'ಇಲ್ಲ, ಬಂದೇ ಬರೆಯಬೇಕು' ಎಂಬ ಉತ್ತರ ಸಿಕ್ಕಿತು.

ಇನ್ನೊಂದು. ರೀಸಿಟ್‌ನಲ್ಲಿ ಪೂರ್ತಿ ಮಾಡ್ಯೂಲ್ ಮತ್ತೆ ಬರೆಯಬೇಕಾ, ಅಥವಾ ಫೇಲಾದ ಭಾಗ ಮಾತ್ರವಾ ಅಂತ ಮೇಲ್ ಹಾಕಿ ಕೇಳು. ನನ್ನದರಲ್ಲಿ ಕೋರ್ಸ್‌ವರ್ಕ್ ಪಾಸಾಗಿತ್ತು, ಪರೀಕ್ಷೆ ಮಾತ್ರ ಬರೆದೆ. ಪಕ್ಕದ ರೂಮಿನವನು ಬೇರೆ ಡಿಪಾರ್ಟ್‌ಮೆಂಟ್, ಅವನಿಗೆ ಎರಡೂ ಇತ್ತು.

ಅರಳಿಕಟ್ಟೆ

ನಾನು ಧಾರವಾಡದವಳು. ಇಂಗ್ಲೆಂಡಿನಲ್ಲಿ 12 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಪರ್ಸನಲ್ ಟ್ಯೂಟರ್ (ವಿದ್ಯಾರ್ಥಿಗೆ ಸಲಹೆ ಕೊಡುವ ಅಧ್ಯಾಪಕಿ) ಆಗಿ ಪ್ರತಿ ಜುಲೈನಲ್ಲೂ ಇದೇ ಪ್ರಶ್ನೆ ನನಗೆ ಬರುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ ಮಗಳೇ. ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ನಿಯಮ ಬೇರೆ ಇರುತ್ತದೆ. ನಾನು ಹೇಳಿದ್ದನ್ನು ನಿನ್ನ ಹ್ಯಾಂಡ್‌ಬುಕ್ ಪಕ್ಕದಲ್ಲಿಟ್ಟು ಓದು.

ನೀನು ಕಾಂಪೆನ್ಸೇಷನ್ ಇರುವ ಪುಟ ಓದಿದ್ದೀಯ. ಈಗ ನಿನ್ನ ಪ್ರೋಗ್ರಾಮ್‌ನ ಮಾಡ್ಯೂಲ್ ಪಟ್ಟಿ ಇರುವ ಪುಟ ತೆಗೆ. ಪ್ರತಿ ಮಾಡ್ಯೂಲ್ ಎದುರು ಒಂದು ಪುಟ್ಟ ಕಾಲಂ ಇರುತ್ತದೆ: ಕೋರ್, ಕಂಪಲ್ಸರಿ, ಆಪ್ಷನಲ್. ಕೋರ್ ಮತ್ತು ಕಂಪಲ್ಸರಿ ಒಂದೇ ಅಂತ ನಮ್ಮವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಕಂಪಲ್ಸರಿ ಅಂದರೆ ಆ ಮಾಡ್ಯೂಲ್ ತೆಗೆದುಕೊಳ್ಳಲೇಬೇಕು. ಕೋರ್ ಅಂದರೆ ತೆಗೆದುಕೊಳ್ಳಲೇಬೇಕು, ಪಾಸೂ ಆಗಲೇಬೇಕು. ಕೋರ್‌ಗೆ ಕಾಂಪೆನ್ಸೇಷನ್ ಕೊಡುವುದಿಲ್ಲ. ಎಕನಾಮಿಕ್ಸ್ ಬಿಎಸ್ಸಿಯಲ್ಲಿ ಮ್ಯಾಥ್ಸ್ ಕೋರ್ ಆಗಿರುವ ಸಾಧ್ಯತೆ ಜಾಸ್ತಿ. ನಿನಗೆ 36 ಬಂದರೂ ರೆಫರ್ಡ್ ಅಂತ ಹಾಕಿದ್ದಾರೆ ಅಂದರೆ ಅದೇ ಕಾರಣ ಇರಬೇಕು. ಸ್ಟ್ಯಾಟಿಸ್ಟಿಕ್ಸ್‌ನ 28 ಹೇಗೂ 30ಕ್ಕಿಂತ ಕೆಳಗೆ ಇದೆ, ಅದಕ್ಕೆ ಕಾಂಪೆನ್ಸೇಷನ್ ತಲುಪುವುದೇ ಇಲ್ಲ.

ಕಾಂಪೆನ್ಸೇಷನ್ ಅಂದರೆ ನಮ್ಮ ಊರಿನ ಗ್ರೇಸ್ ಮಾರ್ಕ್ಸ್ ಅಲ್ಲ. ಗ್ರೇಸ್ ಕೊಟ್ಟರೆ ಕೊರತೆ ಇದ್ದ ಮಾರ್ಕ್ಸ್ ತುಂಬುತ್ತದೆ. ಇಲ್ಲಿ 36 ಬಂದಿದ್ದರೆ 36 ಅಂತಲೇ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಮಾರ್ಕ್ಸ್ ಪಟ್ಟಿಯಲ್ಲಿ) ಉಳಿಯುತ್ತದೆ. ಬೇರೆ ಮಾಡ್ಯೂಲ್‌ಗಳಲ್ಲಿ ಚೆನ್ನಾಗಿ ಮಾಡಿದ್ದಾಳೆ ಅಂತ ಆ 20 ಕ್ರೆಡಿಟ್ ಮಾತ್ರ ಕೊಡುತ್ತಾರೆ. ನಿನ್ನ ಸರಾಸರಿ 50 ಚಿಲ್ಲರೆ ಇದೆ, ಆ ಲೆಕ್ಕದಲ್ಲಿ ನಿನಗೆ ತೊಂದರೆ ಇಲ್ಲ.

ಈಗ ಆಗಸ್ಟ್ ವಿಷಯ. ಮ್ಯಾಥ್ಸ್‌ನಲ್ಲಿ 40 ಬರಲೇಬೇಕು. ಸ್ಟ್ಯಾಟಿಸ್ಟಿಕ್ಸ್ ಬರೀ ಕಂಪಲ್ಸರಿ ಆಗಿದ್ದರೆ, 30 ದಾಟಿದರೂ ಪರೀಕ್ಷಾ ಬೋರ್ಡ್ ಕಾಂಪೆನ್ಸೇಷನ್ ಕೊಡಬಹುದು. ಹಾಗಂತ ಸ್ಟ್ಯಾಟಿಸ್ಟಿಕ್ಸ್ ಬಿಟ್ಟು ಮ್ಯಾಥ್ಸ್ ಒಂದನ್ನೇ ಓದಬೇಡ. ಮುಂದಿನ ವರ್ಷ ಎಕನಾಮೆಟ್ರಿಕ್ಸ್ (ಎಕನಾಮಿಕ್ಸ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಬಳಸುವ ವಿಷಯ) ಬರುತ್ತದೆ. ಹೈಪಾಥಿಸಿಸ್ ಟೆಸ್ಟ್, ರಿಗ್ರೆಷನ್ ಗೊತ್ತಿಲ್ಲದೆ ಅಲ್ಲಿ ಮೂರನೇ ವಾರಕ್ಕೇ ಸಿಕ್ಕಿಬೀಳುತ್ತೀಯ. ಕ್ರೆಡಿಟ್ ಸಿಕ್ಕಿತು ಅಂದಮಾತ್ರಕ್ಕೆ ವಿಷಯ ತಲೆಗೆ ಬಂದಿರುವುದಿಲ್ಲ. ಒಂದು ಕ್ರೆಡಿಟ್‌ಗೆ 10 ಗಂಟೆ ಓದು ಅಂತ ಇಂಗ್ಲೆಂಡಿನ ಲೆಕ್ಕ. 20 ಕ್ರೆಡಿಟ್ ಅಂದರೆ 200 ಗಂಟೆ. ನಿನ್ನ ಕೈಯಲ್ಲಿ ಈಗ ಆರು ವಾರ ಇದೆ. ದಿನಕ್ಕೆ ಆರು ಗಂಟೆ ಕೂತರೂ 250 ಗಂಟೆ ಆಗುತ್ತದೆ. ಎರಡಕ್ಕೆ 400 ಗಂಟೆ ಅಂತ ಲೆಕ್ಕ, ಆದರೆ ನೀನು ಒಮ್ಮೆ ಓದಿದ್ದೀಯ, ಇಷ್ಟು ಸಾಕಾಗುತ್ತದೆ.

ಆಗಸ್ಟ್‌ನಲ್ಲೂ ಆಗದಿದ್ದರೆ? ಕೆಲವು ಕಡೆ 20 ಕ್ರೆಡಿಟ್ ಹೊತ್ತುಕೊಂಡು ಸೆಕೆಂಡ್ ಇಯರ್‌ಗೆ ಹೋಗಲು ಬಿಡುತ್ತಾರೆ. ಆಗ ಆ ವರ್ಷ 140 ಕ್ರೆಡಿಟ್ ಓದಬೇಕು. ಕೋರ್ ಮಾಡ್ಯೂಲ್ ಆದರೆ ಬಿಡುವುದು ಕಷ್ಟ. ಇಲ್ಲವಾದರೆ ವರ್ಷ ರಿಪೀಟ್. ಇಂಗ್ಲೆಂಡಿನ ಹುಡುಗರು ಫೇಲಾದ ಎರಡೇ ಮಾಡ್ಯೂಲ್ ರಿಪೀಟ್ ಮಾಡಿ, ಫೀಸಿನ ಮೂರನೇ ಒಂದು ಭಾಗ ಕಟ್ಟಿ, ಪಕ್ಕದಲ್ಲಿ ಕೆಲಸ ಮಾಡಿಕೊಂಡು ಇರುತ್ತಾರೆ. ನಮ್ಮ ಮಕ್ಕಳಿಗೆ ಅದು ಆಗುವುದಿಲ್ಲ. ಸ್ಟೂಡೆಂಟ್ ವೀಸಾದಲ್ಲಿ ಡಿಗ್ರಿ ಓದುವವರು ಫುಲ್ ಟೈಮ್ ಇರಬೇಕು. ಪಾಠಕ್ಕೆ ಹೋಗದೆ ಪರೀಕ್ಷೆ ಮಾತ್ರ ಬರೆಯುವ ವರ್ಷವಾದರೆ ಯೂನಿವರ್ಸಿಟಿ ವೀಸಾ ಸ್ಪಾನ್ಸರ್‌ಶಿಪ್ ನಿಲ್ಲಿಸುತ್ತದೆ, ನೀನು ಊರಿಗೆ ಬಂದು, ಮತ್ತೆ ಹೊಸ ವೀಸಾ ಹಾಕಿ ಹೋಗಬೇಕಾಗುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಆಗಸ್ಟ್‌ನ ಬೆಲೆ ನಿನಗೆ ಅಲ್ಲಿಯ ಕ್ಲಾಸ್‌ಮೇಟ್‌ಗಳಿಗಿಂತ ಎಷ್ಟು ಜಾಸ್ತಿ ಅಂತ ಗೊತ್ತಿರಲಿ ಅಂತ ಹೇಳಿದೆ.

ಅಜ್ಜಿಯ ವಿಷಯ ಓದಿ ತುಂಬಾ ಬೇಸರವಾಯಿತು. ಇಂಥದ್ದಕ್ಕೇ 'ಮಿಟಿಗೇಟಿಂಗ್ ಸರ್ಕಮ್‌ಸ್ಟಾನ್ಸಸ್' (ಪರೀಕ್ಷೆಗೆ ಅಡ್ಡಿಯಾದ ಕಷ್ಟ ತಿಳಿಸುವುದು) ಎಂಬ ಫಾರ್ಮ್ ಇದೆ. ಕೆಲವು ಕಡೆ 'ಎಕ್ಸ್‌ಟೆನ್ಯುಯೇಟಿಂಗ್' ಅನ್ನುತ್ತಾರೆ. ಅದನ್ನು ಒಪ್ಪಿದರೆ ಆಗಸ್ಟ್ ಪರೀಕ್ಷೆ ರೀಸಿಟ್ ಆಗುವುದಿಲ್ಲ, ಮೊದಲ ಸಲ ಬರೆದಂತೆ ಲೆಕ್ಕ. 40ರ ಕ್ಯಾಪ್ ಇರುವುದಿಲ್ಲ, ಒಂದು ಅವಕಾಶವೂ ಉಳಿಯುತ್ತದೆ. ತೊಡಕು ಎರಡು ಇದೆ. ಕೊನೆಯ ದಿನಾಂಕ ಮುಗಿದಿದೆ. ಜೊತೆಗೆ, ಪರೀಕ್ಷಾ ಕೋಣೆಗೆ ಹೋಗಿ ಕೂತೆ ಅಂದರೆ 'ನಾನು ಬರೆಯಲು ಸರಿಯಾಗಿದ್ದೇನೆ' ಅಂತ ನೀನೇ ಹೇಳಿದ ಹಾಗೆ ಎಂಬ ನಿಯಮ ಬಹಳ ಕಡೆ ಇದೆ. ಆದರೂ ಕೊಡು. ಅಷ್ಟು ದುಃಖದಲ್ಲಿ ಇರುವವಳಿಗೆ ತಾನು ಸರಿ ಇದ್ದೀನಾ ಇಲ್ಲವಾ ಅಂತ ತಿಳಿಯುವುದಿಲ್ಲ ಎನ್ನುವುದೂ ಒಪ್ಪುವಂಥ ಕಾರಣವೇ. ತಡವಾಗಿದ್ದಕ್ಕೆ ಕಾರಣ ಪ್ರಾಮಾಣಿಕವಾಗಿ ಬರೆ. ಮರಣ ಪ್ರಮಾಣಪತ್ರ ಜೊತೆಗಿಡು.

ಅದನ್ನು ತಿರಸ್ಕರಿಸಿದರೆ ಅಪೀಲ್ ಇದೆ. ಅಪೀಲ್‌ನಲ್ಲಿ 'ನನಗೆ ಮಾರ್ಕ್ಸ್ ಕಡಿಮೆ ಕೊಟ್ಟಿದ್ದಾರೆ' ಅನ್ನಲು ಬರುವುದಿಲ್ಲ. ನಿಯಮ ತಪ್ಪಿ ನಡೆದಿದೆ, ಅಥವಾ ಮೊದಲೇ ಹೇಳಲಾಗದ ಸಂಗತಿ ಇತ್ತು ಅಂತ ಮಾತ್ರ ಕೇಳಬಹುದು. ಸಮಯ ಬಹಳ ಕಡಿಮೆ ಇರುತ್ತದೆ, ರಿಸಲ್ಟ್ ಬಂದ ದಿನದಿಂದ ಎಣಿಸು. ಯೂನಿವರ್ಸಿಟಿಯ ಒಳಗೆ ಎಲ್ಲಾ ಮುಗಿದ ಮೇಲೆ ಒಂದು ಪತ್ರ ಕೊಡುತ್ತಾರೆ. ಅದು ಸಿಕ್ಕ 12 ತಿಂಗಳೊಳಗೆ ಒಐಎ ಎಂಬ ಹೊರಗಿನ ಸಂಸ್ಥೆಗೆ ದೂರು ಕೊಡಬಹುದು. ಇಂಗ್ಲೆಂಡ್ ಮತ್ತು ವೇಲ್ಸ್ ವಿದ್ಯಾರ್ಥಿಗಳಿಗೆ ಅದಕ್ಕೆ ಫೀಸಿಲ್ಲ. ನಿನ್ನ ವಿಷಯದಲ್ಲಿ ಅಷ್ಟು ದೂರ ಹೋಗುವುದು ಬೇಡ ಅನ್ನಿಸುತ್ತದೆ.

ಇವತ್ತೇ ಎರಡು ಮೇಲ್ ಹಾಕು. ಒಂದು ಪರ್ಸನಲ್ ಟ್ಯೂಟರ್‌ಗೆ. ಇನ್ನೊಂದು ಸ್ಟೂಡೆಂಟ್ಸ್ ಯೂನಿಯನ್‌ನ ಅಡ್ವೈಸ್ ಸೆಂಟರ್‌ಗೆ. ಸಾಮಾನ್ಯವಾಗಿ ಅವರು ಯೂನಿವರ್ಸಿಟಿ ಆಡಳಿತದ ಕೈಕೆಳಗೆ ಇರುವುದಿಲ್ಲ, ಫಾರ್ಮ್ ಬರೆಯಲು ಕೂಡ ಸಹಾಯ ಮಾಡುತ್ತಾರೆ. ನಮ್ಮ ಮಕ್ಕಳು ಅಲ್ಲಿಗೆ ಹೋಗುವುದೇ ಇಲ್ಲ. ಸಂಘಟನೆ, ಎಲೆಕ್ಷನ್ ಅಂದುಕೊಂಡು ದೂರ ಇರುತ್ತಾರೆ.

ಕಾಫಿ ಹೂ

ಅಕ್ಕ, ನೀವು ಹೇಳಿದ ಪುಟ ತೆಗೆದು ನೋಡಿದೆ. ಮ್ಯಾಥ್ಸ್ ಎದುರು 'ಕೋರ್', ಸ್ಟ್ಯಾಟಿಸ್ಟಿಕ್ಸ್ ಎದುರು 'ಕಂಪಲ್ಸರಿ'. ವರ್ಷವಿಡೀ ಆ ಪಟ್ಟಿ ನನ್ನ ಫೋನ್‌ನಲ್ಲೇ ಇತ್ತು, ಆ ಕಾಲಂ ಒಮ್ಮೆಯೂ ನೋಡಿರಲಿಲ್ಲ. ಎರಡೂ ಮೇಲ್ ಹಾಕಿದೆ. ಟಿಕೆಟ್ ಆಗಸ್ಟ್ 9ಕ್ಕೆ ಬದಲಿಸಬೇಕು, ಅದಕ್ಕೆ ಅಪ್ಪನ ಕಾರ್ಡ್ ಬೇಕು. ಅಲ್ಲೇ ನಿಂತಿದ್ದೇನೆ.

ಬೆಣ್ಣೆದೋಸೆ ಊರು

ಮಗಳೇ, ನಾನು ದಾವಣಗೆರೆಯ ಒಬ್ಬ ತಂದೆ. ನನ್ನ ಮಗ ಅಲ್ಲೇ ಎಂಜಿನಿಯರಿಂಗ್ ಓದಿದ. ಅವನೂ ಎರಡನೇ ವರ್ಷದಲ್ಲಿ ಹೀಗೇ ಮುಚ್ಚಿಟ್ಟಿದ್ದ. ನಮಗೆ ಗೊತ್ತಾಗಿದ್ದು ಬ್ಯಾಂಕ್ ಕೌಂಟರ್‌ನಲ್ಲಿ. ಮುಂದಿನ ಕಂತು ಬಿಡುಗಡೆ ಮಾಡಲು ಹಿಂದಿನ ವರ್ಷದ ಮಾರ್ಕ್ಸ್ ಕಾರ್ಡ್ ತನ್ನಿ ಅಂದರು. ಮಗನಿಗೆ ಫೋನ್ ಮಾಡಿದರೆ ಎರಡು ದಿನ ಎತ್ತಲಿಲ್ಲ. ಫೇಲಾದದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ, ಸತ್ಯವಾಗಿ ಹೇಳುತ್ತೇನೆ. ಆ ಎರಡು ದಿನ ಅವನು ಹೇಗಿದ್ದಾನೋ ಎಲ್ಲಿದ್ದಾನೋ ಅಂತ ಅವನಮ್ಮ ಊಟ ಬಿಟ್ಟಳು, ಅದನ್ನು ನಾನು ಇನ್ನೂ ಮರೆತಿಲ್ಲ.

ನಿನ್ನ ಬ್ಯಾಂಕೂ ಕೇಳಬಹುದು. ಅದಕ್ಕಿಂತ ಮೊದಲು ನೀನೇ ಹೇಳು. ಹೇಳುವಾಗ ಬರೀ 'ಎರಡು ಹೋಗಿದೆ' ಅನ್ನಬೇಡ. 'ಆಗಸ್ಟ್‌ನಲ್ಲಿ ಬರೆಯಬಹುದು, ಪಾಸಾದರೆ ವರ್ಷ ಹೋಗುವುದಿಲ್ಲ, ಹೆಚ್ಚಿನ ಕಡೆ ಕೊನೆಯ ಕ್ಲಾಸ್‌ಗೆ ಇದು ಸೇರುವುದಿಲ್ಲ' ಅಂತ ಸೇರಿಸಿ ಹೇಳು. ಇನ್ನೊಂದು ಮಾತು, ನಮ್ಮಂಥವರಿಗೆ ಅಲ್ಲಿನ ಮಾರ್ಕ್ಸ್ ಅರ್ಥ ಆಗುವುದಿಲ್ಲ. ನಮ್ಮಲ್ಲಿ 60 ಬಂದರೆ ಫಸ್ಟ್ ಕ್ಲಾಸ್. ಅಲ್ಲಿ 70ಕ್ಕೆ ಫಸ್ಟ್, 60ಕ್ಕೆ 2:1, 50ಕ್ಕೆ 2:2. ನನ್ನ ಮಗನಿಗೆ 62 ಬಂದಾಗ ನಾನು 'ಇಷ್ಟೇನಾ' ಅಂದುಬಿಟ್ಟಿದ್ದೆ. ಅದು ಒಳ್ಳೆಯ ಮಾರ್ಕ್ಸ್ ಅಂತ ಆಮೇಲೆ ತಿಳಿಯಿತು. ಅಪ್ಪನಿಗೆ ಎಕನಾಮಿಕ್ ಹಿಸ್ಟರಿಯ 64 ಕೂಡ ತೋರಿಸು.

ಅರಳಿಕಟ್ಟೆ

ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಮಗಳೇ, ಮಾಡ್ಯೂಲ್ ಆಯ್ಕೆಯ ಬಗ್ಗೆ ಮೊದಲು ಉತ್ತರಿಸಲು ಮರೆತೆ. ಏಪ್ರಿಲ್‌ನಲ್ಲಿ ಆರಿಸಿದ್ದು ಸಾಮಾನ್ಯವಾಗಿ ರದ್ದಾಗುವುದಿಲ್ಲ, ಪಾಸಾದ ಮೇಲೆ ಗಟ್ಟಿಯಾಗುತ್ತದೆ. ನಿನ್ನ ಪಟ್ಟಿ ಏನಿದೆ? ಯಾವುದು ಯಾವ ಟರ್ಮ್‌ನಲ್ಲಿ ಅಂತಲೂ ಹಾಕು.

ಕಾಫಿ ಹೂ

ಕಡ್ಡಾಯದವು ಮೂರು: ಮೈಕ್ರೋ (ಮೊದಲ ಟರ್ಮ್), ಮ್ಯಾಕ್ರೋ ಮತ್ತು ಎಕನಾಮೆಟ್ರಿಕ್ಸ್ (ಎರಡನೆಯದು). ನಾನು ಆರಿಸಿದ್ದು ಡೆವಲಪ್‌ಮೆಂಟ್ ಎಕನಾಮಿಕ್ಸ್ (ಮೊದಲು), ಗೇಮ್ ಥಿಯರಿ ಮತ್ತು ಮ್ಯಾಥಮ್ಯಾಟಿಕಲ್ ಎಕನಾಮಿಕ್ಸ್ (ಎರಡನೆಯದು). ಕೊನೆಯದನ್ನು ಫ್ರೆಂಡ್ಸ್ ಎಲ್ಲಾ ತೆಗೆದುಕೊಂಡರು ಅಂತ ತೆಗೆದುಕೊಂಡೆ. ಅಂದಹಾಗೆ, ರಾತ್ರಿ ಊಟ ಆದಮೇಲೆ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ 'ಅಜ್ಜಿ ಹೋದ ಮರುದಿನ ನಿನಗೆ ಪರೀಕ್ಷೆ ಇತ್ತಾ?' ಅಂದರು. ಅದು ಅವರಿಗೆ ಗೊತ್ತೇ ಇರಲಿಲ್ಲ. ಬೆಳಗ್ಗೆ ಟಿಕೆಟ್ ಬದಲಿಸಿದರು.

ಅರಳಿಕಟ್ಟೆ

ಅಪ್ಪನಿಗೆ ಹೇಳಿದ್ದು ತುಂಬಾ ಒಳ್ಳೆಯದಾಯಿತು.

ನಿನ್ನ ಪಟ್ಟಿ ಕೂಡಿಸಿ ನೋಡು. ಮೊದಲ ಟರ್ಮ್‌ಗೆ 40 ಕ್ರೆಡಿಟ್, ಎರಡನೆಯದಕ್ಕೆ 80. ಆ ನಾಲ್ಕೂ ಲೆಕ್ಕದ ವಿಷಯ, ಪರೀಕ್ಷೆ ಎಲ್ಲವೂ ಮೇ ತಿಂಗಳಲ್ಲಿ. ಸೆಕೆಂಡ್ ಇಯರ್ ಮಾರ್ಕ್ಸ್ ಡಿಗ್ರಿಗೆ ಸೇರುತ್ತದೆ, ಇನ್ನು ಆಟ ಬೇರೆ. ನನ್ನ ಕೇಳಿದರೆ ಮ್ಯಾಥಮ್ಯಾಟಿಕಲ್ ಎಕನಾಮಿಕ್ಸ್ ತೆಗೆದು, ಮೊದಲ ಟರ್ಮ್‌ನ ಎಕನಾಮಿಕ್ ಹಿಸ್ಟರಿ ಇದ್ದರೆ ಅದನ್ನು ಹಾಕು. ಆಗ 60, 60 ಆಗುತ್ತದೆ. ನಿನಗೆ ಅತಿ ಹೆಚ್ಚು ಬಂದಿದ್ದೂ ಅದರಲ್ಲೇ. ಅದರಲ್ಲಿ ಎಸ್ಸೇ ಬರೆಯುವ ಕೋರ್ಸ್‌ವರ್ಕ್ ಇದ್ದರೆ ಎಲ್ಲಾ ಭಾರ ಪರೀಕ್ಷೆಯ ಮೇಲೆ ಬೀಳುವುದಿಲ್ಲ.

ಬಿಡುವ ಮೊದಲು ಒಂದು ನೋಡು. ಥರ್ಡ್ ಇಯರ್ ಪಟ್ಟಿಯಲ್ಲಿ ಪ್ರತಿ ಮಾಡ್ಯೂಲ್ ಕೆಳಗೆ 'ಪ್ರೀರಿಕ್ವಿಸಿಟ್' (ಮೊದಲೇ ಓದಿರಬೇಕಾದ ಮಾಡ್ಯೂಲ್) ಅಂತ ಬರೆದಿರುತ್ತಾರೆ. ಮ್ಯಾಥಮ್ಯಾಟಿಕಲ್ ಎಕನಾಮಿಕ್ಸ್ ಬಿಟ್ಟರೆ ಅಡ್ವಾನ್ಸ್ಡ್ ಥಿಯರಿಯಂಥ ಒಂದೆರಡು ಬಾಗಿಲು ಮುಚ್ಚಬಹುದು. ಆ ಬಾಗಿಲು ನಿನಗೆ ಬೇಕಾ ಅಂತ ಯೋಚಿಸು. ಬದಲಿಸಲು ಟರ್ಮ್ ಶುರುವಾದ ಮೇಲೆ ಸಾಮಾನ್ಯವಾಗಿ ಎರಡು ವಾರ ಕೊಡುತ್ತಾರೆ. ಸೀಟು ತುಂಬುತ್ತದೆ, ಆದ್ದರಿಂದ ಮೊದಲ ದಿನವೇ ಮಾಡು.

ಕಾಫಿ ಹೂ (ಸೆಪ್ಟೆಂಬರ್ ಕೊನೆಯ ವಾರ)

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ನಾನು ಸೆಕೆಂಡ್ ಇಯರ್‌ನಲ್ಲಿದ್ದೇನೆ!

ಮ್ಯಾಥ್ಸ್‌ನಲ್ಲಿ 51 ಬಂತು. ಪೋರ್ಟಲ್‌ನಲ್ಲಿ 40 ಅಂತ ಕಾಣಿಸುತ್ತದೆ, ಆದರೆ 51 ಬಂದಿದ್ದು ನನಗೆ ಗೊತ್ತು. ಲಗ್ರಾಂಜ್ ಪ್ರಶ್ನೆ ಬಂದಿತ್ತು, ಪೂರ್ತಿ ಬಿಡಿಸಿದೆ. ಸ್ಟ್ಯಾಟಿಸ್ಟಿಕ್ಸ್ 38. ಅರಳಿಕಟ್ಟೆ ಅಕ್ಕ ಹೇಳಿದ ಹಾಗೆ ಕಾಂಪೆನ್ಸೇಷನ್ ಸಿಕ್ಕಿತು, 38 ಹಾಗೇ ಉಳಿದಿದೆ.

ಫಾರ್ಮ್ ಕೂಡ ಒಪ್ಪಿದರು. ಜನವರಿಯಲ್ಲಿ ನಾನು ಎರಡು ವಾರ ಸೆಮಿನಾರ್‌ಗೆ ಹೋಗಿರಲಿಲ್ಲ, ಅದು ಅಟೆಂಡೆನ್ಸ್‌ನಲ್ಲಿ ಇತ್ತು. ಯೂನಿಯನ್‌ನ ಅಡ್ವೈಸರ್ ಅದನ್ನು ನೋಡಿ 'ಇದನ್ನೂ ಬರೆ' ಅಂದರು. ನನಗೆ ಹೊಳೆದಿರಲಿಲ್ಲ. ಹಾಗಾಗಿ ಸ್ಟ್ಯಾಟಿಸ್ಟಿಕ್ಸ್ ಆಗಸ್ಟ್‌ನದ್ದೇ ಮೊದಲ ಪ್ರಯತ್ನ ಅಂತ ಆಯಿತು. ಬೇಕಿದ್ದರೆ ಇನ್ನೊಮ್ಮೆ ಬರೆಯಬಹುದಾ ಅಂತ ಟ್ಯೂಟರ್ ಹತ್ತಿರ ಕೇಳಿದೆ. ಅದರ ಬದಲು ಎಕನಾಮೆಟ್ರಿಕ್ಸ್‌ಗೆ ತಯಾರಾಗು ಅಂದರು. ಈಗ ವಾರಕ್ಕೆ ಎರಡು ಸಂಜೆ ಹಳೆ ಸ್ಟ್ಯಾಟಿಸ್ಟಿಕ್ಸ್ ನೋಟ್ಸ್ ಹಿಡಿದು ಕೂರುತ್ತೇನೆ.

ಮಾಡ್ಯೂಲ್ ಬದಲಿಸಿದೆ, ಎಕನಾಮಿಕ್ ಹಿಸ್ಟರಿಯಲ್ಲಿ ನಾಲ್ಕು ಸೀಟು ಉಳಿದಿತ್ತು. ಥರ್ಡ್ ಇಯರ್‌ನಲ್ಲಿ ಒಂದು ಮಾಡ್ಯೂಲ್ ಮಾತ್ರ ಕೈಬಿಟ್ಟಿತು, ಅದು ನನಗೆ ಬೇಕಿರಲಿಲ್ಲ. ಒಂದೇ ತೊಂದರೆ ಅಂದರೆ ಸೋಮವಾರ ಬೆಳಗ್ಗೆ 9ಕ್ಕೆ ಮೈಕ್ರೋ ಲೆಕ್ಚರ್, ಅದೇ ಹೊತ್ತಿಗೆ ಹಿಸ್ಟರಿ ಸೆಮಿನಾರ್ ಹಾಕಿದ್ದಾರೆ. ಸೆಮಿನಾರ್‌ಗೆ ಬುಧವಾರ ಇನ್ನೊಂದು ಗ್ರೂಪ್ ಇದೆಯಂತೆ. ನಾಳೆ ಆಫೀಸ್ ತೆರೆಯುವ ಹೊತ್ತಿಗೇ ಹೋಗಿ ಕೇಳುತ್ತೇನೆ.